ಎಂಎಕ್ಸ್-5, ಬಾಕ್ಸ್‌ಸ್ಟರ್ ಮತ್ತು ಒಂದು ಡಬ್ಬ ದೋಸೆ ಹಿಟ್ಟು

ಬಲಗೈ ಸ್ಟಾರ್ಟ್ ಬಟನ್ ಹುಡುಕಿತು. ಅಲ್ಲೇನೂ ಇರಲಿಲ್ಲ. "ಎಡಗಡೆ ನೋಡಲೇ, ಎಡಗಡೆ" ಎಂದು ಗೆಳೆಯ ಹೊರಗಿನಿಂದ ಕೂಗಿದ. ಪೋರ್ಷೆ ಗಾಡಿಗಳಲ್ಲಿ ಕೀ ಹಾಕುವ ಜಾಗ ಸ್ಟೇರಿಂಗಿನ ಎಡಕ್ಕೆ. ಹಿಂದೆ ಫ್ರಾನ್ಸಿನ ಲೆ ಮಾನ್ ಕಾರ್ ರೇಸಿನಲ್ಲಿ ಚಾಲಕರು ಓಡಿಬಂದು ಗಾಡಿ ಹತ್ತಬೇಕಿತ್ತು. ಎಡಗೈಯಲ್ಲಿ ಸ್ಟಾರ್ಟ್ ಮಾಡಿ, ಬಲಗೈಯಲ್ಲಿ ಗೇರ್ ಹಾಕಿದರೆ ಒಂದು ಕ್ಷಣ ಉಳಿಯುತ್ತಿತ್ತು ಅನ್ನುವ ಕಥೆ ಇದೆ. ಈಗ ತರಕಾರಿ ತರಲು ಹೋಗುವವನೂ ಅದೇ ಎಡಗೈಯಲ್ಲಿ ಸ್ಟಾರ್ಟ್ ಮಾಡುತ್ತಾನೆ.

ನಾವು ನಿಂತಿದ್ದು ಮುಮ್ಮೆಲ್‌ಸೇ ಎಂಬ ಸಣ್ಣ ಕೆರೆಯ ಪಾರ್ಕಿಂಗಿನಲ್ಲಿ. ಜರ್ಮನಿಯ ಬ್ಲಾಕ್ ಫಾರೆಸ್ಟ್ ಬೆಟ್ಟಗಳ ಮೇಲೆ, 1,036 ಮೀಟರ್ ಎತ್ತರದಲ್ಲಿ. ಬಾಡೆನ್-ಬಾಡೆನ್‌ನಿಂದ ಫ್ರಾಯ್ಡೆನ್‌ಶ್ಟಾಟ್‌ವರೆಗೆ ಬೆಟ್ಟದ ನೆತ್ತಿ ಹಿಡಿದು ಸಾಗುವ ಬಿ500 ರಸ್ತೆ ಇದರ ಪಕ್ಕದಲ್ಲೇ ಹಾದುಹೋಗುತ್ತದೆ. ಸುಮಾರು 60 ಕಿಲೋಮೀಟರ್, ಎರಡೂ ಕಡೆ ಕಾಡು, ತಿರುವಿನ ಮೇಲೆ ತಿರುವು. ಚಾರ್ಮಾಡಿಯನ್ನು ಅಗಲ ಮಾಡಿ, ಗುಂಡಿ ಮುಚ್ಚಿ, ಬಸ್ಸು ಲಾರಿ ತೆಗೆದರೆ ಹೇಗಿರುತ್ತದೋ ಹಾಗೆ.

ನನ್ನ ಗಾಡಿ ಮಾಜ್ದಾ ಎಂಎಕ್ಸ್-5. ನಾಲ್ಕನೇ ತಲೆಮಾರಿನದು, ಎರಡು ಲೀಟರ್ ಎಂಜಿನ್, 184 ಕುದುರೆ (ಹಾರ್ಸ್‌ಪವರ್). ಗೆಳೆಯನದು ಸೆಕೆಂಡ್ ಹ್ಯಾಂಡ್ ಪೋರ್ಷೆ ಬಾಕ್ಸ್‌ಸ್ಟರ್, 2012ರಿಂದ 2016ರವರೆಗೆ ಬಂದ ಮಾದರಿ. 2.7 ಲೀಟರ್, ಆರು ಸಿಲಿಂಡರ್, 265 ಕುದುರೆ. ಎರಡಕ್ಕೂ ಎರಡೇ ಸೀಟು, ಎರಡಕ್ಕೂ ಬಟ್ಟೆಯ ಟಾಪ್, ಎರಡೂ ಕೈಗೇರು, ಎರಡರಲ್ಲೂ ಟರ್ಬೊ ಇಲ್ಲ. ಹೋಲಿಸಲು ಇದಕ್ಕಿಂತ ಒಳ್ಳೆ ಜೋಡಿ ಸಿಗುವುದು ಕಷ್ಟ. ಕಳೆದ ಬೇಸಿಗೆಯಲ್ಲಿ ಒಬ್ಬರ ವಿಮೆಗೆ ಇನ್ನೊಬ್ಬರ ಹೆಸರು ಸೇರಿಸಿಕೊಂಡೆವು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ, ಎರಡು ವಾರಕ್ಕೊಮ್ಮೆ ಕೀ ಬದಲಾಯಿಸಿಕೊಂಡೆವು. ಅಂಥ ಮೊದಲ ದಿನ ಅದು.

ಮೊದಲು ನನ್ನದರ ಬಗ್ಗೆ ಹೇಳಿಬಿಡುತ್ತೇನೆ. ಎಂಎಕ್ಸ್-5ರ ತೂಕ ಒಂದು ಟನ್ನಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಈಗಿನ ಕಾಲಕ್ಕೆ ಅದು ಗಾಳಿಪಟ. ಗೇರ್ ಕಡ್ಡಿ ಹೆಬ್ಬೆರಳಿನಷ್ಟು ಸರಿದರೆ ಸಾಕು, ಎಣ್ಣೆ ಬಿಟ್ಟ ಚಿಲಕದ ಹಾಗೆ ಟಕ್ ಎಂದು ಕೂರುತ್ತದೆ. ಎಂಜಿನ್ ನಿಮಿಷಕ್ಕೆ 7,500 ಸುತ್ತಿನವರೆಗೆ ಸುತ್ತುತ್ತದೆ, ಶಕ್ತಿ ಇರುವುದೂ ಅಲ್ಲೇ ಮೇಲೆ. ಕೆಳಗೆ ಏನೂ ಇಲ್ಲ. ಹಾಗಾಗಿ ಗೇರ್ ಬದಲಾಯಿಸುತ್ತಲೇ ಇರಬೇಕು, ಸುಮ್ನೆ ಕೂರುವ ಹಾಗಿಲ್ಲ. ಆರ್‌ಎಕ್ಸ್ 100 ಓಡಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 98 ಸಿಸಿಯ ಆ ಯಮಾಹಾ ಬೈಕು ನಮ್ಮ ಮೈಸೂರಿನ ಬೀದಿಗಳಲ್ಲಿ ಕಲಿಸಿದ ಪಾಠವೇ ಇದು: ಕೈ ತಿರುವು, ಕಿರುಚಲಿ, ಆಮೇಲೆ ನೋಡು.

ತಿರುವಿಗೆ ಹೊಕ್ಕಾಗ ಎಂಎಕ್ಸ್-5 ಮೈ ವಾಲಿಸುತ್ತದೆ. ಚೆನ್ನಾಗಿಯೇ ವಾಲಿಸುತ್ತದೆ. ಹಲವರು ಇದನ್ನು ದೋಷ ಅನ್ನುತ್ತಾರೆ. ನನಗೆ ಅದು ಗಾಡಿ ಆಡುವ ಮಾತು. ಎಷ್ಟು ವಾಲಿತು ಎಂಬುದರಿಂದಲೇ ಟೈರಿನಲ್ಲಿ ಇನ್ನೆಷ್ಟು ಹಿಡಿತ ಉಳಿದಿದೆ ಎಂದು ಸೊಂಟಕ್ಕೆ ಗೊತ್ತಾಗುತ್ತದೆ. ಮಾಜ್ದಾದವರು ಇದಕ್ಕೆ 'ಜಿನ್ಬಾ ಇತ್ತೈ' ಎಂಬ ಹೆಸರಿಟ್ಟಿದ್ದಾರೆ, ಕುದುರೆ ಸವಾರ ಎರಡೂ ಒಂದೇ ಮೈ ಅನ್ನುವ ಅರ್ಥ. ಜಾಹೀರಾತಿನ ಮಾತು ಅಂತ ಮೊದಲು ನಕ್ಕಿದ್ದೆ. 60ರ ವೇಗದಲ್ಲಿ ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ಕೂತ ಜಾಗದಲ್ಲೇ ನಗು ಬಂದರೆ, ಆಮೇಲೆ ಜಾಹೀರಾತಿನವರನ್ನು ಬೈಯುವುದು ಹೇಗೆ?

ಇನ್ನು ಬಾಕ್ಸ್‌ಸ್ಟರ್. ತೂಕ 1,310 ಕಿಲೋ. ಎಂಜಿನ್ ನಮ್ಮ ಬೆನ್ನಿಗೇ ಅಂಟಿಕೊಂಡಿದೆ. ಮೊದಲ ಹತ್ತು ನಿಮಿಷ ನನಗೆ ನಿರಾಸೆಯೇ ಆಯಿತು. ಎಲ್ಲವೂ ಸರಿಯಾಗಿದೆ, ಆದರೆ ಏನೂ ಆಗುತ್ತಿಲ್ಲ! ನನ್ನ ಗಾಡಿಯಲ್ಲಿ ಎದೆ ಢವಢವ ಅನ್ನಿಸುವ ತಿರುವನ್ನು ಇದು ಸರಳರೇಖೆಯ ಹಾಗೆ ದಾಟಿತು. ವಾಲುವುದೂ ಇಲ್ಲ, ಜಾರುವುದೂ ಇಲ್ಲ. ಗೇರುಗಳು ಉದ್ದ. ಎರಡನೇ ಗೇರಿನಲ್ಲೇ ನೂರು ದಾಟುತ್ತದೆ, ಹಾಗಾಗಿ ಬೆಟ್ಟದ ರಸ್ತೆಯಲ್ಲಿ ಲಿಮಿಟ್ಟಿನೊಳಗೆ ಓಡಿಸಿದರೆ ಕಡ್ಡಿ ಮುಟ್ಟುವ ಕೆಲಸವೇ ಕಡಿಮೆ. ಆದರೆ ಬ್ರೇಕ್! ಪೆಡಲ್ ಕಲ್ಲಿನ ಹಾಗೆ ಗಟ್ಟಿ, ಕಾಲಿನ ಒತ್ತಡ ತೂಗಿ ನೋಡಿದಷ್ಟು ನಿಖರವಾಗಿ ನಿಲ್ಲುತ್ತದೆ. ಐದಾರು ತಿರುವು ಕಳೆದ ಮೇಲೆ ಗೊತ್ತಾಯಿತು. ಇದು ಮಾತು ಕಡಿಮೆ ಆಡುವ ಮೇಷ್ಟ್ರು. ತಪ್ಪು ಮಾಡಿದರೆ ಬೈಯುವುದಿಲ್ಲ, ತಾನೇ ಸರಿ ಮಾಡಿ ಮುಂದೆ ಹೋಗುತ್ತದೆ. ಐದು ಸಾವಿರ ಸುತ್ತು ದಾಟಿದ ಮೇಲೆ ಬೆನ್ನ ಹಿಂದಿನಿಂದ ಬರುವ ಆ ಆರು ಸಿಲಿಂಡರಿನ ಸದ್ದು ಮಾತ್ರ ನನ್ನ ಗಾಡಿಗೆ ಏಳು ಜನ್ಮ ಎತ್ತಿದರೂ ಬರುವುದಿಲ್ಲ.

ಫ್ರಾಯ್ಡೆನ್‌ಶ್ಟಾಟ್ ತಲುಪುವ ಹೊತ್ತಿಗೆ ಬೆಟ್ಟದಲ್ಲಿ ಗೆದ್ದಿದ್ದು ಎಂಎಕ್ಸ್-5 ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟಿದ್ದೆ. ಗೆಳೆಯ ಹುಬ್ಬಳ್ಳಿಯವನು. ನನ್ನ ಗಾಡಿಯಿಂದ ಇಳಿಯುತ್ತಾ ಅಂದ: "ಮಸ್ತ್ ಐತಲೇ. ಆದ್ರ ಇದ್ರಾಗ ಹಾಡು ಕೇಳಾಕ ಆಗಂಗಿಲ್ಲ, ಬರೇ ಗಾಳಿ."

ಆ ಗಾಳಿಯ ಬೆಲೆ ಗೊತ್ತಾಗಿದ್ದು ವಾಪಸ್ ಬರುವಾಗ, ಎ81 ಆಟೊಬಾನ್ ಹೆದ್ದಾರಿಯಲ್ಲಿ. ಜರ್ಮನಿಯ ಆಟೊಬಾನ್‌ಗಳಿಗೆ ಒಟ್ಟಾರೆ ವೇಗಮಿತಿ ಇಲ್ಲ. 1978ರಿಂದ 130ರ ಸಲಹೆ ಮಾತ್ರ ಇದೆ, ಬೋರ್ಡು ಇರುವ ಕಡೆ ಮಾತ್ರ ಕಡ್ಡಾಯ. ಬೋರ್ಡಿಲ್ಲದ ಒಂದು ತುಂಡಿನಲ್ಲಿ ನಾನು ನನ್ನ ಗಾಡಿಯನ್ನು 180ಕ್ಕೆ ಒಯ್ದೆ. ಕಾಗದದ ಪ್ರಕಾರ 219ರವರೆಗೂ ಹೋಗುತ್ತದೆ. ಆದರೆ 180ರಲ್ಲೇ ಬಟ್ಟೆ ಟಾಪು ತಮಟೆ ಬಾರಿಸತೊಡಗಿತು. ಪಕ್ಕದ ಲಾರಿಯ ಗಾಳಿ ತಳ್ಳಿದಾಗ ಎರಡೂ ಕೈ ಬಿಗಿಯಾದವು. ಅಷ್ಟರಲ್ಲಿ ಬಾಕ್ಸ್‌ಸ್ಟರ್ ಎಡಗಡೆಯಿಂದ ನುಣ್ಣಗೆ ದಾಟಿ ಹೋಯಿತು. ಮುಂದಿನ ಸಲ ಅದೇ ಜಾಗದಲ್ಲಿ ನಾನು ಅದರೊಳಗಿದ್ದೆ. 200 ದಾಟಿದಾಗ ಗಾಡಿ ಇನ್ನಷ್ಟು ನೆಲಕ್ಕೆ ಕೂತ ಹಾಗೆ ಅನ್ನಿಸಿತು, ಅಲ್ಲೂ ನನಗೆ ಎಡಕ್ಕೆ ಬಲಕ್ಕೆ ನೋಡುವ ಪುರುಸೊತ್ತಿತ್ತು. ಮಳೆ ಬಂದರಂತೂ ಹೋಲಿಕೆಯ ಮಾತೇ ಬೇಡ.

ಈ ವ್ಯತ್ಯಾಸ ಹುಟ್ಟಿದ ಊರಿನ ರಸ್ತೆಯದ್ದು ಅಂತ ನನ್ನ ಅನಿಸಿಕೆ. ಜಪಾನಿನಲ್ಲಿ ಹೆದ್ದಾರಿಯ ಮಿತಿ ಬಹುಪಾಲು 100, ಈಚೆಗೆ ಕೆಲವು ಕಡೆ 120. ಅಲ್ಲಿ ಮಾರುವ ಗಾಡಿಗಳನ್ನು 180ಕ್ಕೆ ಕಟ್ಟಿಹಾಕುವುದು ಕಂಪನಿಗಳ ನಡುವಿನ ಹಳೆಯ ಒಪ್ಪಂದ. 1989ರಿಂದ 2004ರವರೆಗೆ ಎಂಜಿನ್ನಿಗೂ 280 ಕುದುರೆಯ ಗಡಿ ಹಾಕಿಕೊಂಡಿದ್ದರು (ಕಾಗದದ ಮೇಲೆ ಮಾತ್ರ ಅನ್ನಿ. ನಿಸ್ಸಾನಿನ ಸ್ಕೈಲೈನ್ ಜಿಟಿ-ಆರ್ ಗಾಡಿಯ ನಿಜವಾದ ಶಕ್ತಿ ಅಳೆದವರೆಲ್ಲ ನಗುತ್ತಿದ್ದರು). ವೇಗವಾಗಿ ಹೋಗಲು ಜಾಗವೇ ಇಲ್ಲದಿದ್ದರೆ ಇಂಜಿನಿಯರ್ ಏನು ಮಾಡುತ್ತಾನೆ? ಗೇರ್ ಕಡ್ಡಿಯನ್ನು ನುಣುಪು ಮಾಡುತ್ತಾನೆ, ತೂಕ ಇಳಿಸುತ್ತಾನೆ, ಎಂಜಿನ್ನನ್ನು ಮೇಲಕ್ಕೆ ತಿರುಗಿಸುತ್ತಾನೆ. 1999ರ ಹೋಂಡಾ ಎಸ್2000 ಎರಡೇ ಲೀಟರಿನಲ್ಲಿ ಒಂಬತ್ತು ಸಾವಿರ ಸುತ್ತು ಸುತ್ತಿತು. ಘಾಟಿಯ ಕಿರಿದಾದ ರಸ್ತೆಯೇ ಅವರ ಮೈದಾನ. ಜರ್ಮನ್ ಇಂಜಿನಿಯರ್ ಮಾತ್ರ ಸಂಜೆ ಕೆಲಸ ಮುಗಿಸಿ ಆಟೊಬಾನಿನಲ್ಲೇ ಮನೆಗೆ ಹೋಗುತ್ತಾನೆ. 200ರಲ್ಲಿ ಗಾಡಿ ಅಲುಗಾಡಿದರೆ ಅವನಿಗೆ ಮಾರನೇ ದಿನ ಆಫೀಸಿನಲ್ಲಿ ಸಮಾಧಾನ ಇರುವುದಿಲ್ಲ.

ಎಲ್ಲಾ ಜಪಾನಿ ಗಾಡಿ ಹಗುರ ಅಂತಲೂ ಇಲ್ಲ. 2007ರಲ್ಲಿ ಬಂದ ನಿಸ್ಸಾನ್ ಜಿಟಿ-ಆರ್ 1,700 ಕಿಲೋ ದಾಟುತ್ತದೆ, ಅರ್ಧ ಕೆಲಸ ಕಂಪ್ಯೂಟರಿನದ್ದೇ. ಅದು ಬೇರೆ ಜಾತಿ, ಇಲ್ಲಿ ಬೇಡ.

ರಸ್ತೆ ಬಿಟ್ಟು ಮನೆ ವಿಷಯಕ್ಕೆ ಬರೋಣ. ಜುಲೈನಲ್ಲಿ ಅಪ್ಪ ಬಂದಿದ್ದರು. ಇಪ್ಪತ್ತು ವರ್ಷ ಮಾರುತಿ 800 ಇಟ್ಟುಕೊಂಡಿದ್ದವರು. ಯಾವ ಗಾಡಿ ಕಂಡರೂ ಮೊದಲು ಬಾನೆಟ್ ಎತ್ತಬೇಕು. ಎಂಎಕ್ಸ್-5ರದ್ದು ಎತ್ತಿ ಒಳಗೆ ಇಣುಕಿ, ಆಯಿಲ್ ಕಡ್ಡಿ ಎಳೆದು ಬಟ್ಟೆಗೆ ಒರೆಸಿ, "ಪರವಾಗಿಲ್ಲ ಕಣೋ, ಕೈ ಹಾಕೋಕೆ ಜಾಗ ಇದೆ" ಎಂದರು. ಆಮೇಲೆ ಬಾಕ್ಸ್‌ಸ್ಟರ್. ಮುಂದೆ ಎತ್ತಿದರೆ ಡಿಕ್ಕಿ. ಹಿಂದೆ ಎತ್ತಿದರೆ ಇನ್ನೊಂದು ಡಿಕ್ಕಿ. ಅದರ ಅಂಚಿನಲ್ಲಿ ಆಯಿಲ್ ಮತ್ತು ಕೂಲೆಂಟ್ ಸುರಿಯಲು ಎರಡು ಮುಚ್ಚಳ, ಅಷ್ಟೇ.

"ಏನೋ ಇದು, ಎಂಜಿನ್ನೇ ಇಲ್ವಲ್ಲೋ!"

"ಇದೆ ಅಪ್ಪ, ಸೀಟಿನ ಹಿಂದೆ. ನಮಗೆ ಕಾಣೋ ಹಾಗಿಲ್ಲ."

"ಕಾಣದೇ ಇರೋದಕ್ಕೆ ಇಷ್ಟು ದುಡ್ಡಾ?"

ಅಪ್ಪನ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಈಗಲೂ ಇಲ್ಲ. ಎಂಎಕ್ಸ್-5 ತನ್ನನ್ನು ತೋರಿಸಿಕೊಳ್ಳುತ್ತದೆ, ಬಾಕ್ಸ್‌ಸ್ಟರ್ 'ನನಗೆ ಬಿಡು' ಅನ್ನುತ್ತದೆ. ಟಾಪ್ ವಿಷಯದಲ್ಲೂ ಹೀಗೇ. ನನ್ನದರಲ್ಲಿ ಕೊಕ್ಕೆ ಬಿಚ್ಚಿ ಒಂದೇ ಕೈಯಲ್ಲಿ ಹಿಂದಕ್ಕೆ ಎಸೆದರೆ ಮುಗಿಯಿತು. ಅವನದರಲ್ಲಿ ಬಟನ್ ಒತ್ತಿದರೆ ಒಂಬತ್ತು ಸೆಕೆಂಡಿನಲ್ಲಿ ತಾನೇ ಮಡಚಿಕೊಳ್ಳುತ್ತದೆ, 50ರ ವೇಗದಲ್ಲಿ ಓಡುತ್ತಿದ್ದರೂ ಸರಿ. ಸಿಗ್ನಲಿನಲ್ಲಿ ಮಳೆ ಹನಿ ಬಿದ್ದಾಗ ನಾನೇ ಮೊದಲು ಮುಚ್ಚುತ್ತೇನೆ, ಇದೊಂದು ಗೆಲುವು ನನ್ನದು.

ಡಿಕ್ಕಿಗೆ ಬಂದರೆ ನಾನು ಸೋತೆ. ಎಂಎಕ್ಸ್-5ರದ್ದು 130 ಲೀಟರ್, ಒಂದು ಚಿಕ್ಕ ಸೂಟ್‌ಕೇಸ್ ಮತ್ತು ಸ್ವಲ್ಪ ಪ್ರಾರ್ಥನೆ. ಗ್ಲೋವ್ ಬಾಕ್ಸ್ ಕೂಡ ಇಲ್ಲ. ಬಾಕ್ಸ್‌ಸ್ಟರಿನ ಮುಂದಿನ ಡಿಕ್ಕಿಯೊಂದೇ 150 ಲೀಟರ್, ಹಿಂದಿನದು ಬೇರೆ. ಆದರೆ ಹಿಂದಿನ ಡಿಕ್ಕಿ ಎಂಜಿನ್ನಿನ ಪಕ್ಕದ್ದು, ಬೆಚ್ಚಗಿರುತ್ತದೆ. ಇದನ್ನು ತಿಳಿಯದೆ ಒಂದು ಶನಿವಾರ ಇನ್ನೊಂದು ಊರಿನ ಗೆಳೆಯರ ಮನೆಗೆ ಹೊರಟಾಗ ರುಬ್ಬಿದ ದೋಸೆ ಹಿಟ್ಟಿನ ಡಬ್ಬವನ್ನು ಅಲ್ಲಿಟ್ಟೆ. ಎರಡು ಗಂಟೆಯ ದಾರಿ. ಇಳಿದು ತೆಗೆದರೆ ಮುಚ್ಚಳ ಮೇಲೆದ್ದು, ಹಿಟ್ಟು ಅಂಚಿನಿಂದ ಇಣುಕುತ್ತಿತ್ತು. ಜರ್ಮನಿಯ ಅಕ್ಟೋಬರಿನಲ್ಲಿ ಹಿಟ್ಟು ಹುದುಗು ಬರಿಸಲು ಓವನ್ನಿನ ದೀಪ ಹಚ್ಚಿಟ್ಟು ರಾತ್ರಿಯೆಲ್ಲ ಕಾಯುವವರು ನಾವು. ನನ್ನ ಹೆಂಡತಿಯ ಮಟ್ಟಿಗೆ ಹೋಲಿಕೆ ಅವತ್ತೇ ಮುಗಿಯಿತು. ಡಿಕ್ಕಿಯ ಕಾರ್ಪೆಟ್ ತೊಳೆದವನು ನಾನು.

ಜಪಾನ್, ಜರ್ಮನಿ ಅಂತ ಇಷ್ಟು ಗೆರೆ ಎಳೆದ ಮೇಲೆ ಒಂದು ತಮಾಷೆ ಹೇಳಲೇಬೇಕು. ಎಂಎಕ್ಸ್-5ರ ಬೀಜ ಬಿತ್ತಿದ್ದು ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತ. ಇಂಗ್ಲಿಷರ ಹಳೆಯ ಪುಟ್ಟ ರೋಡ್‌ಸ್ಟರ್‌ಗಳಂಥದ್ದು (ಟಾಪ್ ತೆಗೆಯಬಹುದಾದ ಎರಡು ಸೀಟಿನ ಗಾಡಿ) ಮಾಡಿ ಎಂದು 1979ರಲ್ಲಿ ಮಾಜ್ದಾದ ಕೆನಿಚಿ ಯಮಮೊಟೊ ಅವರಿಗೆ ಹೇಳಿದರು. 1989ರಲ್ಲಿ ಶಿಕಾಗೋ ಆಟೊ ಶೋನಲ್ಲಿ ಗಾಡಿ ಹೊರಬಂತು. ಇತ್ತ ಪೋರ್ಷೆ 1990ರ ದಶಕದ ಶುರುವಿನಲ್ಲಿ ಮುಳುಗುವ ಹಂತದಲ್ಲಿತ್ತು. ಮುಖ್ಯಸ್ಥ ವೆಂಡೆಲಿನ್ ವೀಡೆಕಿಂಗ್ ಟೊಯೊಟಾದಲ್ಲಿ ಪಳಗಿದ ಜಪಾನಿ ಸಲಹೆಗಾರರನ್ನು ಸ್ಟುಟ್‌ಗಾರ್ಟ್‌ಗೆ ಕರೆಸಿದರು. ಕಾರ್ಖಾನೆಯ ಎತ್ತರೆತ್ತರದ ರಾಕುಗಳಲ್ಲಿ ಬಿಡಿಭಾಗ ಪೇರಿಸಿಟ್ಟಿದ್ದನ್ನು ನೋಡಿ ಅವರು ಬೈದರಂತೆ, ಕೊನೆಗೆ ವೀಡೆಕಿಂಗ್ ಅವರೇ ಗರಗಸ ಹಿಡಿದು ಆ ರಾಕುಗಳ ಮೇಲಿನ ಭಾಗ ಕತ್ತರಿಸಿದರು. ಹಾಗೆ ಬದಲಾದ ಕಾರ್ಖಾನೆಯಿಂದ 1996ರಲ್ಲಿ ಬಂದದ್ದೇ ಮೊದಲ ಬಾಕ್ಸ್‌ಸ್ಟರ್. ಈಚಿನ ಟೊಯೊಟಾ ಸುಪ್ರಾದ ಕಥೆಯೂ ಗೊತ್ತಲ್ಲ? ಬಿಎಂಡಬ್ಲ್ಯು ಎಂಜಿನ್, ಬಿಎಂಡಬ್ಲ್ಯು ಝಡ್4 ಜೊತೆ ಹಂಚಿಕೊಂಡ ಅಡಿಪಾಯ, ಜೋಡಣೆ ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ. ಯಾರದು ಯಾವ ಗುಣ ಅಂತ ಹೇಳುವಾಗ ನಾಲಿಗೆ ಸ್ವಲ್ಪ ತಡವರಿಸಬೇಕು.

ಯಾವುದು ಕೊಳ್ಳಲಿ ಎಂದು ಕೇಳುವವರಿಗೆ ನನ್ನ ಮಾತು ಇಷ್ಟು. ವಾರಕ್ಕೆ ನಾಲ್ಕು ದಿನ ಆಟೊಬಾನಿನಲ್ಲಿ ದೂರ ಹೋಗುವವರು ಬಾಕ್ಸ್‌ಸ್ಟರ್ ತಗೊಳ್ಳಿ. ಟೈರು, ಬ್ರೇಕು, ಸರ್ವಿಸಿಗೆ ಜಾಸ್ತಿ ದುಡ್ಡು ಎತ್ತಿಟ್ಟುಕೊಳ್ಳಿ. ಹೊಸದು ಮಾರುತ್ತಿದ್ದ ಕಾಲದಲ್ಲಿ ಎಂಎಕ್ಸ್-5ರ ಹೆಚ್ಚು ಕಡಿಮೆ ಎರಡು ಪಟ್ಟು ಬೆಲೆ ಇತ್ತು, ಅದೂ ನೆನಪಿರಲಿ. ಆರಡಿ ದಾಟಿದವರು ಎಂಎಕ್ಸ್-5ರೊಳಗೆ ಕೂತು ನೋಡದೆ ಮುಂಗಡ ಕೊಡಬೇಡಿ. ನನಗೆ ಕೆಲಸಕ್ಕೆ ಹೋಗುವ ದಾರಿ ಹನ್ನೆರಡು ಕಿಲೋಮೀಟರ್, ಅದರಲ್ಲಿ ಏಳು ತಿರುವು. ಹಾಗಾಗಿ ನಾನು ನನ್ನದನ್ನೇ ಇಟ್ಟುಕೊಂಡೆ.

ಅಕ್ಟೋಬರ್ ಕೊನೆಗೆ ಕೀ ವಾಪಸ್ ಕೊಟ್ಟುಕೊಂಡೆವು. ವಿಮೆಯಿಂದ ಹೆಸರು ತೆಗೆಸಬೇಕಿತ್ತು, ಒಂದು ಫೋನಿನ ಕೆಲಸ. ಅವನು ನನ್ನ ಹೆಸರು ಇನ್ನೂ ತೆಗೆಸಿಲ್ಲ. ನಾನೂ ಅವನದ್ದು ತೆಗೆಸಿಲ್ಲ.