ಹಳೇ ಜಂತಿ ಮಾಳಿಗೆಗೆ ಕಾಂಕ್ರೀಟ್ ಹಾಕಿಸುವವರೇ, ದಯವಿಟ್ಟು ಇದನ್ನು ಓದಿ

ಒಂದೂ ಸ್ಕ್ರೂ ಹಾಕದೆ ನಮ್ಮ ಮನೆ ಮೇಲೆ ಟನ್‌ಗಟ್ಟಲೆ ಕಾಂಕ್ರೀಟ್ ಸುರಿದು ಹೋಗಿದ್ದಾರೆ. ಬರೆಯುವಾಗಲೂ ಕೈ ನಡುಗುತ್ತಿದೆ.

ಕೊಪ್ಪಳದ ಹಳೇ ಓಣಿಯಲ್ಲಿ ಮುತ್ತಜ್ಜ ಕಟ್ಟಿಸಿದ ಮನೆ. ಮೇಲಂತಸ್ತು ಪೂರ್ತಿ ತೇಗದ ತೊಲೆ, ಜಂತಿ (ಹಲಗೆ ಹೊರುವ ಅಡ್ಡ ಮರ), ಹಲಗೆ. ನಡೆದರೆ ಅದುರುತ್ತಿತ್ತು. ಅದನ್ನು ಗಟ್ಟಿ ಮಾಡಿಸಲು ಗುತ್ತಿಗೆದಾರರ ಜೊತೆ ಮಾತಾಗಿದ್ದು ಇಷ್ಟು: ಜಂತಿಗೆ ಉದ್ದನೆಯ ಸ್ಕ್ರೂ ಹೊಡೆದು ಅದರ ತಲೆ ಹಲಗೆಗಿಂತ ಮೇಲೆ ಚಾಚಿರುವಂತೆ ಬಿಡೋದು, ಮರಕ್ಕೆ ನೀರು ಇಳಿಯದಂತೆ ಹಲಗೆ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸೋದು, ಜಾಲರಿ ಕಟ್ಟಿ 2 ಇಂಚು ಕಾಂಕ್ರೀಟ್ ಹಾಕೋದು. ಆ ಸ್ಕ್ರೂ ಇದ್ದರೇನೇ ಮರ, ಕಾಂಕ್ರೀಟ್ ಎರಡೂ ಕೂಡಿ ಭಾರ ಹೊರುತ್ತವೆ. ಇಲ್ಲದಿದ್ದರೆ ಕಾಂಕ್ರೀಟ್ ಸುಮ್ನೆ ಹೊರೆ. ಸ್ಕ್ರೂಗೆ ಬೇರೆಯೇ ದುಡ್ಡು ಬರೆದಿದ್ದರು. ಕೊಟ್ಟೆವು.

ಸೋಮವಾರ ಕಾಂಕ್ರೀಟ್ ಅಂದವರು ನಾವಿಲ್ಲದ ಭಾನುವಾರವೇ ಸುರಿದು ಮುಗಿಸಿದರು. ಬಂದು ನೋಡಿದರೆ ಪಡಸಾಲೆ ತುಂಬಾ ಸಿಮೆಂಟ್ ನೀರು ತೊಟ್ಟಿಕ್ಕಿದ ಕಲೆ. ಹಾಳೆ ಹಾಸಿದ್ದರೆ ನೀರು ಹೇಗೆ ಇಳಿಯುತ್ತೆ?

"ಮರ ನೀರು ಕುಡಿತೈತಿ, ಒಣಗ್ತೈತಿ, ಟೆನ್ಷನ್ ತಗೋಬ್ಯಾಡ್ರಿ ಸರ್."

ಕೆಳಗೆ ಆಸರೆಗೆ ನಿಲ್ಲಿಸುವ ಕಂಬ, ಒಂದು ಜಾಕಿಯೂ ಇಲ್ಲ. ಹಸಿ ಕಾಂಕ್ರೀಟಿನ ಭಾರ ಎಲ್ಲ ಜಂತಿ ಮೇಲೇ ಅಲ್ವಾ?

"ನೂರು ವರ್ಷ ನಿಂತ ಮನಿರಿ ಇದು, ಏನೂ ಆಗಂಗಿಲ್ಲ."

ಆಯಿತು. ನಡುವಿನ ಜಂತಿ ಬಾಗಿತು. ಬೇರೆ ಎಂಜಿನಿಯರ್ ಕರೆಸಿ ಒಂದು ಮೂಲೆ ಒಡೆಸಿದೆವು. ಕಾಂಕ್ರೀಟ್ ತುಂಡು ಹಾಗೇ ಎದ್ದು ಬಂತು. ಕೆಳಗೆ ಬರೀ ಹಲಗೆ. ಸ್ಕ್ರೂ ಇಲ್ಲ. ಇನ್ನೊಂದು ಕಡೆ ಒಡೆಸಿದೆವು. ಅಲ್ಲೂ ಇಲ್ಲ. ಒಂದೂ ಇಲ್ಲ! ಅಮ್ಮ ಅಲ್ಲೇ ನಿಂತಿದ್ದರು, ಅವರ ಮುಖ ನೋಡೋಕೆ ಆಗಲಿಲ್ಲ ನನಗೆ. ದಪ್ಪ ಅಳೆದರೆ 4 ಇಂಚು. 2 ಇಂಚಿಗೆ ಚದರಡಿಗೆ ಸುಮಾರು 11 ಕೆಜಿ, 4 ಇಂಚಿಗೆ ಅದರ ಎರಡರಷ್ಟು. 10 ಅಡಿ ಅಗಲ, 15 ಅಡಿ ಉದ್ದದ ಕೋಣೆಗೇ ಮೂರು ಟನ್ ದಾಟುತ್ತೆ. ಹಿಡಿದಿಡಲು ಏನೂ ಇಲ್ಲ.

ಫೋನ್ ಮಾಡಿದರೆ, "ಡಬಲ್ ದಪ್ಪ ಹಾಕೀವಿ, ಸ್ಕ್ರೂ ಯಾಕ್ರಿ ಬೇಕು?" ಮತ್ತೆ ಬಿಲ್ಲಿನಲ್ಲಿ ಯಾಕೆ ಬರೆದಿರಿ? ಆಗ ಮಾತು ತಿರುಗಿತು. "ನಿಮ್ಮ ಮರಕ್ಕೇ ಗೆದ್ದಲು ಹತ್ತಿತ್ತು." ಗೋಡೆಯೊಳಗಿನ ಜಂತಿ ತುದಿ ಕೊರೆದು ನೋಡಿ 'ಕಬ್ಬಿಣ ಇದ್ದಂಗ ಐತಿ' ಅಂದವರೂ ಇವರೇ.

ಸ್ಕ್ರೂ, ಹಾಳೆ, ಜಾಕಿ ಮೂರೂ ಕಣ್ಣಾರೆ ನೋಡಿ, ಫೋಟೊ ತೆಗೆದ ಮೇಲೇ ಕಾಂಕ್ರೀಟ್ ಕಲಸಲು ಬಿಡಿ. ಜಾಕಿ 28 ದಿನ ತೆಗೆಸಬೇಡಿ. ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಕೊಡದೆ ಹಳೇ ಮರದ ಮೇಲೆ ಒಂದು ಬುಟ್ಟಿ ಕಾಂಕ್ರೀಟೂ ಬೇಡ. ಬಾಯಿಮಾತು ನಂಬಲೇಬೇಡಿ.

ನಾವೀಗ ಕೆಳಗೆ ಜಾಕಿ ಕೊಟ್ಟು ಮೇಲಿನ ಕೋಣೆಗೆ ಬೀಗ ಹಾಕಿದ್ದೇವೆ. ಸುರಿದಿದ್ದನ್ನೆಲ್ಲ ಮೆಲ್ಲಗೆ ಒಡೆದು ತೆಗೆಸಬೇಕು, ಅದರ ಖರ್ಚು ಬೇರೆ. ಆ ಮನುಷ್ಯ ಇನ್ನೂ ಬಾಕಿ ಹಣ ಕೇಳಿ ಫೋನ್ ಮಾಡುತ್ತಾರೆ. ಒಂದು ರೂಪಾಯಿಯೂ ಕೊಡಲ್ಲ.