ಯೂರೋ ಟ್ರಕ್ ಸಿಮ್ಯುಲೇಟರ್ 2: ವರ್ಷಗಟ್ಲೆ ಓಡಿಸಿದ್ಮೇಲೆ ಬರೀತಿರೋ ರಿವ್ಯೂ

ನಮ್ ಗ್ರೂಪಲ್ಲಿ ಈಗ ಯಾರ್ ಏನ್ ಆಡ್ತಿದಾರೆ ಅಂತ ನೋಡಿದ್ರೆ ಅರ್ಧ ಜನ ಬಿಜಿಎಂಐ, ಇಬ್ರು ಮೂವರು ಸಿಲ್ಕ್‌ಸಾಂಗ್ ಹಿಡ್ಕೊಂಡು ರಾತ್ರಿಯೆಲ್ಲ ಒಂದೇ ಬಾಸ್ (ಗೇಮಿನ ದೊಡ್ ವಿಲನ್) ಹತ್ರ ಗುದ್ದಾಡ್ತಿದಾರೆ, ಒಬ್ಬ ಬಾಲ್ಡರ್ಸ್ ಗೇಟ್ 3 ಎರಡನೇ ಸಲ ಶುರು ಮಾಡಿದಾನೆ, ಮಿಕ್ಕವ್ರು ಜಿಟಿಎ 6 ಮಾತಲ್ಲೇ ಇದಾರೆ. ನಾನು ಲಾರಿ ಓಡಿಸ್ತಿದೀನಿ. ಯೂರೋ ಟ್ರಕ್ ಸಿಮ್ಯುಲೇಟರ್ 2. 2012ರ ಗೇಮು. ನನ್ ಲ್ಯಾಪ್‌ಟಾಪಿಂದ ಎಷ್ಟೋ ದೊಡ್ ದೊಡ್ ಗೇಮುಗಳು ಬಂದು ಹೋದ್ವು, ಇದೊಂದು ಮಾತ್ರ ಯಾವತ್ತೂ ಅನ್‌ಇನ್‌ಸ್ಟಾಲ್ ಆಗಿಲ್ಲ. ಯಾಕೆ ಅಂತ ಕೇಳೋವ್ರಿಗೆ ಒಂದೇ ಸಲ ಪೂರ್ತಿ ಬರ್ದು ಇಡ್ತೀನಿ, ಇನ್ಮೇಲೆ ಲಿಂಕ್ ಕಳಿಸಿದ್ರೆ ಸಾಕು.

ಇದನ್ನ ಮಾಡಿರೋದು ಚೆಕ್ ದೇಶದ ಪ್ರಾಗ್ ಊರಿನ ಎಸ್‌ಸಿಎಸ್ ಸಾಫ್ಟ್‌ವೇರ್ ಅನ್ನೋ ಕಂಪನಿ. ಆಟ ಸರಳ. ಒಂದೂರಲ್ಲಿ ಲೋಡ್ ಹಿಡೀಬೇಕು, ಇನ್ನೊಂದೂರಿಗೆ ಟೈಮಿಗೆ ಸರಿಯಾಗಿ ಮುಟ್ಟಿಸ್ಬೇಕು, ಮಾಲು ಡ್ಯಾಮೇಜ್ ಆಗ್ಬಾರ್ದು. ಶುರೂಲಿ ಕೈಲಿ ಸ್ವಂತ ಗಾಡಿ ಇರಲ್ಲ, ಬೇರೆ ಕಂಪನಿ ಗಾಡೀಲಿ ಡ್ರೈವರ್ ಕೆಲ್ಸ, ಆಮೇಲೆ ಬ್ಯಾಂಕ್ ಸಾಲ ತಗೊಂಡು ಗಾಡಿ, ಗ್ಯಾರೇಜು, ಕೈಕೆಳಗೆ ನಾಕು ಡ್ರೈವರು, ಹಿಂಗೆ ಬೆಳೀತಾ ಹೋಗೋದು. ರಸ್ತೆಯೆಲ್ಲ ನಿಜವಾದ ಯೂರೋಪಿಂದೇ, ಆದ್ರೆ 1:19 ಅಳತೆಗೆ ಇಳಿಸಿರೋದು, ಹೈವೇಲಿ ನಮ್ಮ ಒಂದು ನಿಮಿಷ ಅಂದ್ರೆ ಗೇಮಲ್ಲಿ 19 ನಿಮಿಷ. ಹಂಗಾಗಿ ರಾಟರ್‌ಡ್ಯಾಮಿಂದ ಮಿಲಾನೋಗೆ ಊಟ ಆದ್ಮೇಲೆ ಕೂತ್ರೆ ಮಲಗೋ ಹೊತ್ತಿಗೆ ಆರಾಮಾಗಿ ತಲುಪ್ಬೋದು.

ಕೇಳೋಕೆ ಬೋರು ಅನ್ಸುತ್ತೆ, ಗೊತ್ತು. ಯೂಟ್ಯೂಬಲ್ಲಿ ನೋಡಿದ್ರೂ ಬೋರೇ. ಇದನ್ನ ಓಡಿಸ್ಬೇಕು, ನೋಡ್ಬಾರ್ದು.

ನನ್ ಪ್ರಕಾರ ಈ ಗೇಮಿನ ಜೀವ ಇರೋದು ಕೊನೇ ಐದು ನಿಮಿಷದಲ್ಲಿ. ಸಾವಿರ ಕಿಲೋಮೀಟರ್ ಓಡಿಸ್ಕೊಂಡ್ ಬಂದಿರ್ತೀರ, ಫ್ಯಾಕ್ಟರಿ ಗೇಟ್ ಒಳಗೆ ಬಂದ ತಕ್ಷಣ ಗೇಮು ಕೇಳುತ್ತೆ, ಟ್ರೇಲರ್ ಸುಲಭದ ಜಾಗದಲ್ಲಿ ಬಿಡ್ತೀರಾ, ಕಷ್ಟದ ಜಾಗದಲ್ಲಿ ಬಿಡ್ತೀರಾ, ಇಲ್ಲಾ ಪಾರ್ಕಿಂಗೇ ಬೇಡ್ವಾ ಅಂತ. ಬೇಡ ಅಂದ್ರೆ ಎಕ್ಸ್‌ಟ್ರಾ ಪಾಯಿಂಟ್ ಇಲ್ಲ, ಕಷ್ಟದ್ದು ತಗೊಂಡ್ರೆ ಜಾಸ್ತಿ ಪಾಯಿಂಟು. ಪಾಯಿಂಟ್ ಬಿಡಿ, ಕಷ್ಟದ್ದೇ ತಗೋಬೇಕು. ಎರಡು ಟ್ರೇಲರ್ ಮಧ್ಯೆ ಒಂದು ಸಂದಿ, ಅದರೊಳಗೆ ಹದಿಮೂರು ಮೀಟರ್ ಉದ್ದದ ಟ್ರೇಲರ್‌ನ ಹಿಂದಕ್ಕೆ ತೂರಿಸ್ಬೇಕು. ಟ್ರೇಲರ್ ಹಿಂಭಾಗ ಎಡಕ್ಕೆ ಹೋಗ್ಬೇಕು ಅಂದ್ರೆ ಸ್ಟೇರಿಂಗ್ ಬಲಕ್ಕೆ ತಿರುಗಿಸ್ಬೇಕು, ಅದು ತಿರುಗೋಕೆ ಶುರು ಮಾಡಿದ್ ಕೂಡ್ಲೇ ಸ್ಟೇರಿಂಗ್ ವಾಪಸ್ ಎಡಕ್ಕೆ ತಂದು ಗಾಡಿ ಮುಂಭಾಗ ಟ್ರೇಲರ್ ಹಿಂದೇನೇ ಹೋಗೋ ಥರ ಹಿಡೀಬೇಕು, ಅರ್ಧ ಸೆಕೆಂಡ್ ತಡ ಆದ್ರೂ ಗಾಡಿ ಟ್ರೇಲರ್ ಎರಡೂ ಮಡ್ಚ್ಕೊಂಡು ನಿಂತ್ಬಿಡುತ್ತೆ. ಆಗ ಮುಂದಕ್ಕೆ ಹೋಗಿ ನೆಟ್ಟಗೆ ಮಾಡ್ಕೊಂಡು ಮತ್ತೆ ಮೊದಲಿಂದ. ಕೀಬೋರ್ಡಲ್ಲಿ 5 ಒತ್ತಿದ್ರೆ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡ್ತಾನೆ, ಎಫ್2 ಒತ್ತಿದ್ರೆ ಮಿರರ್ ಸ್ಕ್ರೀನ್ ಮೇಲೆ ಬರುತ್ತೆ. ಮೇಲಿಂದ ನೋಡೋ ಕ್ಯಾಮೆರಾನೂ ಇದೆ, ಅದನ್ನ ಉಪಯೋಗಿಸ್ಬೇಡಿ ಅಂತ ಕೈಮುಗಿದು ಕೇಳ್ಕೋತೀನಿ. ಬರೀ ಮಿರರ್ ನೋಡ್ಕೊಂಡು, ಇಂಚಿಂಚು ಸರಿಸಿ, ಹಳದಿ ಗುರುತು ಹಸಿರಾಗಿ, ಟಿ ಒತ್ತಿ ಟ್ರೇಲರ್ ಕಳಚಿದಾಗ ಸಿಗೋ ಸಮಾಧಾನ ಇದ್ಯಲ್ಲ, ನಾನು ಆಡಿರೋ ಯಾವ ಗೇಮಿನ ಯಾವ ಬಾಸ್ ಸೋಲಿಸ್ದಾಗ್ಲೂ ಅಷ್ಟು ಸಿಕ್ಕಿಲ್ಲ.

ನಮ್ಮ ಭಾವ ಲಾರಿ ಡ್ರೈವರು, ಮಂಗಳೂರು ಬೆಂಗಳೂರು ರೂಟು. ಹಬ್ಬಕ್ಕೆ ಬಂದಾಗ ಕೂರಿಸ್ಕೊಂಡು ತೋರಿಸ್ದೆ. ಗ್ರಾಫಿಕ್ಸು, ಊರು, ಏನೂ ನೋಡ್ಲಿಲ್ಲ ಅವ್ರು, ಮೊದಲು ಕೇಳಿದ್ದೇ ಮಿರರ್ ಎಲ್ಲಿ ಅಂತ, ಆಮೇಲೆ ಲೋಡ್ ಎಷ್ಟು ಟನ್ ಅಂತ. ಆಸ್ಟ್ರಿಯಾದಲ್ಲಿ ಆಲ್ಪ್ಸ್ ಇಳಿಜಾರು ಬಂತು, ಹಿಂದೆ ಇಪ್ಪತ್ತು ಟನ್‌ಗಿಂತ ಜಾಸ್ತಿ ಇದೆ, ನಾನು ಬ್ರೇಕ್ ಒತ್ತುತ್ತಾ ಇದ್ದೆ, ಪಕ್ಕದಿಂದ ಒಂದೇ ಮಾತು, "ಗೇರ್ ಇಳ್ಸು, ಕಾಲ್ ತೆಗಿ." ಶಿರಾಡಿ ಇಳಿಯುವಾಗ ಬ್ರೇಕ್ ಮೇಲೇ ಕಾಲಿಟ್ಕೊಂಡು ಇಳಿದ್ರೆ ಡ್ರಮ್ ಕಾದು ಬ್ರೇಕೇ ಹಿಡಿಯಲ್ವಂತೆ, ಅದಕ್ಕೇ ಇಂಜಿನ್ನಿಂದಲೇ ಗಾಡಿ ಹಿಡೀಬೇಕು ಅಂತ ವಿವರಿಸಿದ್ರು. ಗೇಮಲ್ಲೂ ಅದಕ್ಕೆ ಬೇಕಾದ್ದೆಲ್ಲ ಇದೆ, ಇಂಜಿನ್ ಬ್ರೇಕ್ ಇದೆ, ಹಂತ ಹಂತವಾಗಿ ಹಾಕೋ ರಿಟಾರ್ಡರ್ (ಬ್ರೇಕ್ ತುಳಿಯದೇ ಗಾಡಿ ನಿಧಾನ ಮಾಡೋ ವ್ಯವಸ್ಥೆ) ಇದೆ, ಸೆಟ್ಟಿಂಗಲ್ಲಿ ಏರ್ ಬ್ರೇಕ್ ಸಿಮ್ಯುಲೇಶನ್ ಆನ್ ಮಾಡಿದ್ರೆ ಬ್ರೇಕ್ ಮೇಲಿಂದ ಮೇಲೆ ತುಳಿದಷ್ಟೂ ಗಾಳಿ ಪ್ರೆಶರ್ ಇಳಿಯೋದು ಮೀಟರಲ್ಲೇ ಕಾಣುತ್ತೆ. ಅವತ್ತಿಂದ ನಾನು ಇಳಿಜಾರಲ್ಲಿ ಬ್ರೇಕ್ ಮುಟ್ಟೋದೇ ಕಮ್ಮಿ, ರಿಟಾರ್ಡರ್ ಒಂದೊಂದೇ ಸ್ಟೆಪ್ ಹಾಕ್ಕೊಂಡು ಇಳಿಯೋದ್ರಲ್ಲಿ ಬೇರೇನೇ ಒಂದು ಖುಷಿ ಇದೆ.

ಭಾವನ ಕಣ್ಣಿಗೆ ಬಿದ್ದ ಇನ್ನೊಂದು ವಿಷಯ ನಿದ್ದೆ. ಗೇಮಲ್ಲಿ ಸುಮಾರು 11 ಗಂಟೆ ಓಡಿಸ್ದ್ಮೇಲೆ ಡ್ರೈವರ್ ಆಕಳಿಸೋಕೆ ಶುರು ಮಾಡ್ತಾನೆ, ಕಣ್ಣು ಮುಚ್ಚಿ ಸ್ಕ್ರೀನ್ ಕಪ್ಪಾಗುತ್ತೆ, ನಿಲ್ಲಿಸಿ ಮಲಗದೇ ಹೋದ್ರೆ ಫೈನ್ ಬೇರೆ. ನಿಜವಾದ ಯೂರೋಪಿಯನ್ ಯೂನಿಯನ್ ಕಾನೂನು ಇನ್ನೂ ಬಿಗಿ, ನಾಲ್ಕೂವರೆ ಗಂಟೆ ಓಡಿಸಿದ್ರೆ 45 ನಿಮಿಷ ರೆಸ್ಟ್ ತಗೊಳ್ಲೇಬೇಕು, ದಿನಕ್ಕೆ ಸಾಮಾನ್ಯವಾಗಿ 9 ಗಂಟೆ ಮೇಲೆ ಓಡಿಸೋ ಹಂಗಿಲ್ಲ. ಇದನ್ನ ಹೇಳಿದ್ರೆ ಭಾವ ನಂಬ್ಲೇ ಇಲ್ಲ. ಅಲ್ಲಿ ಓನರ್ ಫೋನ್ ಮಾಡಿ ಬೈಯಲ್ವಾ ಅಂತ ಕೇಳಿದ್ರು. ಆ ಪ್ರಶ್ನೆ ನನಗೆ ತುಂಬಾ ದಿನ ತಲೇಲಿ ಉಳೀತು, ಈಗ ಎನ್‌ಎಚ್ 75ರಲ್ಲಿ ಹೋಗುವಾಗ ರಸ್ತೆ ಪಕ್ಕ ನಿಲ್ಲಿಸಿ ಕ್ಯಾಬಿನ್ನಲ್ಲಿ ಮಲಗಿರೋವ್ರನ್ನ ನೋಡಿದ್ರೆ ಮೊದಲಿನ ಥರ ನೋಡೋಕೆ ಆಗಲ್ಲ.

ಇನ್ನು ಮ್ಯಾಪು. ಬೇಸ್ ಗೇಮಲ್ಲಿ ಬ್ರಿಟನ್, ಜರ್ಮನಿ, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಲಕ್ಸೆಂಬರ್ಗ್, ಸ್ವಿಟ್ಜರ್ಲ್ಯಾಂಡ್, ಆಸ್ಟ್ರಿಯಾ, ಚೆಕ್, ಆಮೇಲೆ ಪೋಲೆಂಡ್, ಸ್ಲೊವಾಕಿಯಾ, ಫ್ರಾನ್ಸ್, ಇಟಲಿಗಳ ಸ್ವಲ್ಪ ಸ್ವಲ್ಪ ಭಾಗ, ಇಷ್ಟು ಬರುತ್ತೆ. ನಮಗೆ ಬ್ರಿಟನ್ ಚೆನ್ನಾಗಿ ಕೈಗೆ ಹತ್ತುತ್ತೆ ಯಾಕಂದ್ರೆ ಅಲ್ಲಿ ನಮ್ಮ ಥರಾನೇ ಎಡಗಡೆ ಓಡಿಸೋದು, ಗಾಡೀನೂ ರೈಟ್ ಹ್ಯಾಂಡ್ ಸ್ಟೇರಿಂಗ್ ತಗೋಬೋದು. ಕಷ್ಟ ಶುರುವಾಗೋದು ಡೋವರಲ್ಲಿ ಫೆರ್ರಿ ಹತ್ತಿ ಕ್ಯಾಲೇಲಿ ಇಳಿದಾಗ, ಮೊದಲನೇ ರೌಂಡ್‌ಅಬೌಟಲ್ಲೇ ಕೈ ತಾನಾಗೇ ಎಡಕ್ಕೆ ಎಳೆಯುತ್ತೆ.

ಡಿಎಲ್‌ಸಿ, ಅಂದ್ರೆ ಬೇರೆ ದುಡ್ಡು ಕೊಟ್ಟು ಗೇಮಿಗೆ ಸೇರಿಸ್ಕೊಳೋ ಹೊಸ ಭಾಗಗಳು, ಅದರ ಪಟ್ಟಿ ದೊಡ್ದು. ನನ್ನ ಹತ್ರ ಇರೋದ್ರಲ್ಲಿ ಸ್ಕ್ಯಾಂಡಿನೇವಿಯಾ ಮೊದಲ ಸ್ಥಾನ, 2015ದು, ಆದ್ರೂ ಇವತ್ತಿಗೂ ಅದರ ಮಜಾ ಬೇರೆ. ಡೆನ್ಮಾರ್ಕ್ ಸ್ವೀಡನ್ ನಡುವಿನ ಓರೆಸುಂಡ್ ಸೇತುವೆ ಮೇಲೆ ಸಂಜೆ ಹೋಗ್ಬೇಕು, ಆಮೇಲೆ ನಾರ್ವೆ ಒಳಗೆ ಬರ್ಗನ್ ಕಡೆ ಎರಡೇ ಲೇನಿನ ರಸ್ತೆ, ಒಂದ್ಕಡೆ ಬಂಡೆ ಒಂದ್ಕಡೆ ನೀರು, ಎದುರಿಗೆ ಲಾರಿ ಬಂದ್ರೆ ಮಿರರ್ ತಾಗುತ್ತೇನೋ ಅನ್ನೋ ಅಷ್ಟು ಇಕ್ಕಟ್ಟು. ಇಟಾಲಿಯಾದಲ್ಲಿ ತುದಿವರೆಗೂ ಇಳಿದು ಫೆರ್ರೀಲಿ ಸಿಸಿಲಿಗೆ ದಾಟ್ಬೋದು. 2021ರ ಐಬೀರಿಯಾದಿಂದ (ಸ್ಪೇನ್, ಪೋರ್ಚುಗಲ್) ಊರುಗಳ ಕ್ವಾಲಿಟಿ ಒಂದೇ ಸಲಕ್ಕೆ ಮೇಲೇರಿದೆ, ಸ್ಪೇನಿನ ಬಿಸಿಲು ಒಣಭೂಮಿ ನೋಡ್ತಿದ್ರೆ ಚಿತ್ರದುರ್ಗ ದಾಟಿ ಹಿರಿಯೂರ್ ಕಡೆ ಹೋಗ್ತಿರೋ ಹಂಗೇ ಅನ್ಸುತ್ತೆ. ಬಾಲ್ಟಿಕ್ ನನಗೆ ಅಷ್ಟಾಗಿ ಹಿಡಿಸ್ಲಿಲ್ಲ, ಕಾಡು, ನೆಟ್ಟಗಿನ ರಸ್ತೆ, ಮತ್ತೆ ಕಾಡು. ಬ್ಲ್ಯಾಕ್ ಸೀ ತಗೊಂಡ್ರೆ ಇಸ್ತಾಂಬುಲ್‌ವರೆಗೂ ಹೋಗ್ಬೋದು, ಅದೊಂದಕ್ಕೇ ತಗೋಬೋದು. ಗ್ರೀಸ್ 2024ರ ಡಿಸೆಂಬರಲ್ಲಿ ಬಂತು, ಈಗ ಜಾಸ್ತಿ ಓಡಿಸ್ತಿರೋದು ಅದರಲ್ಲೇ, ಗುಡ್ಡದ ಊರುಗಳ ತಿರುವಲ್ಲಿ ಉದ್ದ ಟ್ರೇಲರ್ ತಿರುಗಿಸೋದು ಒಳ್ಳೇ ಪರೀಕ್ಷೆ. ರಷ್ಯಾದ್ದೊಂದು ಡಿಎಲ್‌ಸಿ ಬಹುತೇಕ ರೆಡಿ ಇತ್ತು, ಯುಕ್ರೇನ್ ಯುದ್ಧ ಶುರುವಾದ್ಮೇಲೆ 2022ರಲ್ಲಿ ಕಂಪನಿಯವ್ರೇ ಅದನ್ನ ನಿಲ್ಲಿಸಿದ್ರು, ವರ್ಷಗಟ್ಲೆ ದುಡಿದ ಮ್ಯಾಪನ್ನ ಹಂಗೆ ಎತ್ತಿಡೋಕೆ ಧೈರ್ಯ ಬೇಕು, ನನಗೆ ಅವ್ರ ಮೇಲೆ ಗೌರವ ಜಾಸ್ತಿ ಆಯ್ತು.

ಇದಕ್ಕಿಂತ ಮುಖ್ಯ ಅಂದ್ರೆ ಹಳೇ ಮ್ಯಾಪನ್ನೂ ಅವ್ರು ಬಿಟ್ಟಿಲ್ಲ. 2012ರ ಜರ್ಮನಿ ಅಂದ್ರೆ ಎಲ್ಲಾ ಊರೂ ಒಂದೇ ಥರ ಇತ್ತು, ಅದೇ ನಾಲ್ಕು ಬಿಲ್ಡಿಂಗು ಅದೇ ಕ್ರಾಸು. ಅದನ್ನ ಭಾಗ ಭಾಗವಾಗಿ ಪೂರ್ತಿ ಹೊಸದಾಗಿ ಕಟ್ಟಿ ಫ್ರೀ ಅಪ್‌ಡೇಟಲ್ಲಿ ಕೊಟ್ರು, ಆಸ್ಟ್ರಿಯಾನೂ ಹಂಗೇ. ಸೌಂಡ್ ಪೂರ್ತಿ ಬದಲಾಯಿತು, ಈಗ ಕಿಟಕಿ ಗ್ಲಾಸ್ ಇಳಿಸಿದ್ರೆ ಹೊರಗಿನ ಸದ್ದು ಒಳಗೆ ಬರುತ್ತೆ, ಮಳೇಲಿ ಏರಿಸಿದ್ರೆ ಸದ್ದು ಮಂದ ಆಗುತ್ತೆ. ಒಂದ್ಸಲ ದುಡ್ಡು ಕೊಟ್ಟ ಗೇಮಿಗೆ ಇಷ್ಟು ವರ್ಷ ಇಷ್ಟು ಕೆಲ್ಸ ಮಾಡೋರು ಬೇರೆ ಯಾರಿದಾರೆ ಹೇಳಿ.

ಕೊರತೆ ಇಲ್ವಾ ಅಂದ್ರೆ ಬೇಕಾದಷ್ಟಿದೆ. ಟ್ರಾಫಿಕ್ ಕಾರುಗಳು ಮರ್ಜ್ ಆಗೋ ಕಡೆ ಸುಮ್ಸುಮ್ನೆ ಬ್ರೇಕ್ ಹಾಕ್ತಾವೆ, ಹಿಂದೆ ಇಪ್ಪತ್ತು ಟನ್ ಇಟ್ಕೊಂಡ್ ಬರೋವ್ನು ಎಲ್ಲಿಗೆ ಹೋಗ್ಬೇಕು, ತಾಗಿದ್ರೆ ಫೈನ್ ನಮಗೇ. ಬ್ರಿಟನ್ ಮ್ಯಾಪ್ ತುಂಬಾ ಕಡೆ ಇನ್ನೂ ಹಳೇದೇ, ಐಬೀರಿಯಾ ನೋಡಿ ಅಲ್ಲಿಗೆ ಹೋದ್ರೆ ಬೇಜಾರಾಗುತ್ತೆ. ಕೆಲವು ದೊಡ್ ಊರುಗಳು ಎರಡು ಸಿಗ್ನಲ್ಲು ಒಂದು ಗೋಡೌನಿಗೇ ಮುಗಿದೋಗ್ತವೆ. ದುಡ್ಡಿನ ಲೆಕ್ಕ ಶುರೂಲಿ ಮಾತ್ರ ಇಂಟರೆಸ್ಟಿಂಗ್, ಹತ್ತಾರು ಡ್ರೈವರ್ ಇಟ್ಕೊಂಡ್ಮೇಲೆ ನೀವು ಮನೇಲಿ ಮಲಗಿದ್ರೂ ಯೂರೋ ಬರ್ತಾನೇ ಇರುತ್ತೆ, ಆಮೇಲೆ ಡೀಸೆಲ್ ರೇಟಿಗೂ ಫೈನಿಗೂ ಅರ್ಥನೇ ಇರಲ್ಲ, ಇದನ್ನ ಇಷ್ಟು ವರ್ಷ ಆದ್ರೂ ಸರಿ ಮಾಡಿಲ್ಲ ಅನ್ನೋದು ನನ್ನ ದೊಡ್ಡ ಬೇಸರ. ಎಲ್ಲಾ ಡಿಎಲ್‌ಸಿ ಫುಲ್ ರೇಟಿಗೆ ತಗೊಂಡ್ರೆ ಒಂದು ಫೋನಿನ ದುಡ್ಡಾಗುತ್ತೆ, ಸೇಲ್ ಇಲ್ದಾಗ ಯಾವುದನ್ನೂ ತಗೋಬೇಡಿ. ದೊಡ್ ಅಪ್‌ಡೇಟ್ ಬಂದ್ರೆ ಮಾಡ್‌ಗಳು (ಆಟಗಾರರೇ ಮಾಡಿ ಗೇಮಿಗೆ ಸೇರಿಸೋ ಗಾಡಿ, ಬದಲಾವಣೆಗಳು) ಮುರೀತಾವೆ, ಲೋಡ್ ಮಧ್ಯದಲ್ಲಿದ್ದಾಗ ಅಪ್‌ಡೇಟ್ ಮಾಡ್ಲೇಬೇಡಿ.

ಮಾಡ್ ಅಂದ್ರೆ ನೆನಪಾಯ್ತು, ನಮ್ಮ ಹುಡುಗರು ಇಂತಾ ಗೇಮಿಗೆ ಬರೋದು ಜಾಸ್ತಿ ಮೊಬೈಲಿನ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾದಿಂದ, ಅದಕ್ಕೆ ಕೆಎಸ್ಆರ್‌ಟಿಸಿ ಸ್ಕಿನ್ ಹಾಕ್ಕೊಂಡು ಓಡಿಸಿರೋವ್ರು ಎಲ್ಲಾ ಊರಲ್ಲೂ ಇದಾರೆ. ಅವ್ರಿಗೆ ಇದು ಸಹಜವಾದ ಮುಂದಿನ ಹೆಜ್ಜೆ. ಸ್ಟೀಮ್ (ಗೇಮ್ ಮಾರೋ ಆನ್‌ಲೈನ್ ಅಂಗಡಿ) ವರ್ಕ್‌ಶಾಪಲ್ಲಿ, ಅಂದ್ರೆ ಮಾಡ್ ಸಿಗೋ ಕಡೆ, ಟಾಟಾ, ಅಶೋಕ್ ಲೇಲ್ಯಾಂಡ್ ಗಾಡಿ ಹುಡುಕಿದ್ರೆ ಸಿಗುತ್ತೆ, ಬಸ್ ಓಡಿಸೋ ಡಿಎಲ್‌ಸೀನೂ ಕಂಪನಿ ಘೋಷಿಸಿದೆ.

ಒಬ್ರೇ ಓಡಿಸಿ ಬೇಜಾರಾದ್ರೆ ಕಾನ್ವಾಯ್ ಇದೆ, ಅಂದ್ರೆ ಫ್ರೆಂಡ್ಸ್ ಜೊತೆ ಆನ್‌ಲೈನಲ್ಲಿ ಒಟ್ಟಿಗೆ ಓಡಿಸೋದು, 2021ರಿಂದ ಗೇಮೊಳಗೇ ಬಂದಿದೆ. ಸ್ಟುಟ್‌ಗಾರ್ಟಲ್ಲಿರೋ ನಮ್ಮ ಹಾಸನದ ಫ್ರೆಂಡ್ ಒಬ್ಬ ಇದಾನೆ, ಅವನೂ ನಾನೂ ಶನಿವಾರ ರಾತ್ರಿ ಸೇರ್ತೀವಿ, ಅವ್ನು ಮುಂದೆ ನಾನು ಹಿಂದೆ, ವಾಯ್ಸಲ್ಲಿ ಊರಿನ ಸುದ್ದಿ ಎಲ್ಲಾ ಮುಗಿಯೋ ಹೊತ್ತಿಗೆ ಲೋಡ್ ಇಳಿದಿರುತ್ತೆ. ಅವನು ದಿನಾ ಓಡಾಡೋ ಆಟೋಬಾನಿನ ನೀಲಿ ಬೋರ್ಡು, ಎಕ್ಸಿಟ್ ಎಲ್ಲಾ ಗೇಮಲ್ಲಿ ಗುರ್ತು ಸಿಗುತ್ತೆ ಅಂತಾನೆ. ಟ್ರಕರ್ಸ್‌ಎಂಪಿ ಅಂತ ಬೇರೆಯವ್ರು ಮಾಡಿರೋ ದೊಡ್ ಸರ್ವರೂ ಇದೆ, ನೂರಾರು ಜನ ಒಟ್ಟಿಗೆ, ಆದ್ರೆ ಕ್ಯಾಲೆಯಿಂದ ಡ್ಯೂಸ್‌ಬರ್ಗ್ ರಸ್ತೆಗೆ ಮಾತ್ರ ಹೋಗ್ಬೇಡಿ, ಅಲ್ಲಿ ಗುದ್ದೋಕೇ ಬರೋ ಜನ ಜಾಸ್ತಿ.

ಹೊಸದಾಗಿ ಶುರು ಮಾಡೋರಿಗೆ ಇಷ್ಟು. ಬೇಸ್ ಗೇಮ್ ಸ್ಟೀಮ್ ಸೇಲಲ್ಲಿ ಮುಕ್ಕಾಲು ಭಾಗ ರೇಟ್ ಇಳಿಯುತ್ತೆ, ಅವಾಗ ತಗೊಳಿ, ಹಳೇ ಲ್ಯಾಪ್‌ಟಾಪಲ್ಲೂ ಸೆಟ್ಟಿಂಗ್ ಇಳಿಸಿದ್ರೆ ಓಡುತ್ತೆ. ಸ್ಟೇರಿಂಗ್ ವೀಲ್ ಇದ್ರೆ ತುಂಬಾ ಚೆನ್ನ, ಆದ್ರೆ ಅದಕ್ಕೆ ಅಂತ ಕಾಯ್ಬೇಡಿ, ಕೀಬೋರ್ಡಲ್ಲಿ ಸ್ಟೇರಿಂಗ್ ಸೆನ್ಸಿಟಿವಿಟಿ ಕಮ್ಮಿ ಮಾಡ್ಕೊಳಿ ಸಾಕು. ಟ್ರೇಲರ್ ಸ್ಟೆಬಿಲಿಟಿ ಮೊದಲು ಜಾಸ್ತಿ ಇರ್ಲಿ, ಕೈ ಕೂತ್ಮೇಲೆ ಇಳ್ಸಿ, ತಿರುವಲ್ಲಿ ಲೋಡ್ ವಾಲೋದು ಆಗ ಗೊತ್ತಾಗುತ್ತೆ. ಸ್ಕಿಲ್ ಪಾಯಿಂಟ್ ಮೊದಲು ಲಾಂಗ್ ಡಿಸ್ಟೆನ್ಸಿಗೆ ಹಾಕಿ. ಡಾಕ್ಯುಮೆಂಟ್ಸ್ ಫೋಲ್ಡರೊಳಗೆ ಗೇಮಿನ ಹೆಸರಲ್ಲಿ ಒಂದು ಫೋಲ್ಡರ್ ಇರುತ್ತೆ, ಅದರಲ್ಲಿ ಮ್ಯೂಸಿಕ್ ಅಂತ ಇನ್ನೊಂದು, ನಿಮ್ಮಿಷ್ಟದ ಕನ್ನಡ ಹಾಡಿನ ಎಂಪಿ3 ಅದರೊಳಗೆ ಹಾಕ್ಬಿಡಿ, ಗಾಡಿ ರೇಡಿಯೋದಲ್ಲಿ ಅವೇ ಬರ್ತಾವೆ. ಮೊದಲನೇ ಡಿಎಲ್‌ಸಿ ಸ್ಕ್ಯಾಂಡಿನೇವಿಯಾನೇ ಇರ್ಲಿ, ಎರಡನೇದು ಐಬೀರಿಯಾ. ಕಾನ್ವಾಯಲ್ಲಿ ಜಾಗ ಇದೆ, ಶನಿವಾರ ರಾತ್ರಿ ಫ್ರೀ ಇರೋವ್ರು ಹೇಳಿ.