ನೈಸ್ ಅಂದರೆ ಐದು ರೂಪಾಯಿ

ಮಂಡ್ಯದಲ್ಲಿ ನಮ್ಮ ಫ್ಲೋರ್ ಮಿಲ್ಲಿನ ಹಿಂದಿನ ಬೀದಿಯಲ್ಲೇ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಇದೆ. ಎರಡು ತಿಂಗಳಿಗೆ 2,500 ರೂಪಾಯಿ. ಮಗಳು ಹಟ ಹಿಡಿದು ಸೇರಿಸಿದಳು. ಹೆಸರು ಹಾಕುವುದಿಲ್ಲ, ಸ್ವಲ್ಪ ಬೈಯುವುದಿದೆ.

ಮೊದಲು ಅದನ್ನೇ ಮುಗಿಸಿಬಿಡುತ್ತೇನೆ. ಮೆಟ್ಟಿಲು ಬಹಳ ಕಡಿದು, ಮಂಡಿ ನೋವಿದ್ದವರಿಗೆ ಕಷ್ಟ. ಬ್ಯಾಚಿಗೆ ಹದಿನೈದು ಜನ ಅಂತ ಹೇಳಿ ಇಪ್ಪತ್ತಾರು ಜನರನ್ನು ಕೂರಿಸುತ್ತಾರೆ. ನೋಟ್ಸು ಅನ್ನುವುದು ಜೆರಾಕ್ಸಿನ ಜೆರಾಕ್ಸು, ಅರ್ಧ ಅಕ್ಷರ ಕಾಣುವುದೇ ಇಲ್ಲ. ಸೇರುವುದಾದರೆ ಬೆಳಗಿನ ಬ್ಯಾಚಿಗೆ ಸೇರಿ, ಜನ ಕಡಿಮೆ.

ಆದರೆ ಮೇಷ್ಟ್ರು ಇದ್ದಾರಲ್ಲ, ಅವರಿಗೋಸ್ಕರ ಹೋಗಬಹುದು. ಎರಡನೇ ವಾರ ಬಂದವರೇ ಬೋರ್ಡಿನ ಮೇಲೆ ‘ನೈಸ್’ ಅಂತ ಬರೆದರು. ಇನ್ನು ಈ ಪದ ಬಾಯಿಗೆ ಬಂದರೆ ಐದು ರೂಪಾಯಿ ಫೈನ್ ಅಂದರು. ಊಟ ಹೇಗಿತ್ತು? ನೈಸ್. ಸೀರೆ? ನೈಸ್. ಅತ್ತೆ? ನೈಸ್. ಎಲ್ಲಕ್ಕೂ ಅದನ್ನೇ ಹೇಳಿದರೆ ಏನೂ ಹೇಳಿದ ಹಾಗಾಗಲ್ಲ ಅಂತ ಅವರ ವಾದ. ಊಟಕ್ಕೆ ಟೇಸ್ಟಿ, ಮನುಷ್ಯರಿಗೆ ಕೈಂಡ್, ಹೀಗೆ ಒಂದೊಂದಕ್ಕೆ ಒಂದೊಂದು ಹುಡುಕಬೇಕು.

ನಾನು ಕೈ ಎತ್ತಿ, “ಸಾರ್, ನಮ್ಮ ಮಿಲ್ಲು ನಡೆಯೋದೇ ಈ ಪದದ ಮೇಲೆ” ಅಂದೆ. “ಅಕ್ಕ, ರಾಗಿ ನೈಸಾಗಿ ಬೀಸಿ, ಮುದ್ದೆಗೆ” ಅಂತ ದಿನಕ್ಕೆ ಎಷ್ಟು ಸಲ ಕೇಳುತ್ತೇನೋ. ನಮ್ಮಲ್ಲಿ ನೈಸ್ ಅಂದರೆ ನುಣ್ಣಗೆ. ಬೀಸಿದ ದುಡ್ಡು ಕೊಡದೆ ಹೋದವನು ನೈಸಾಗಿ ಜಾರಿಕೊಂಡ. ಸಾಲ ಕೇಳಲು ಬಂದವನು ನೈಸ್ ಮಾಡುತ್ತಾನೆ. ಇಂಗ್ಲಿಷಿನವರಿಗೆ ಇದೆಲ್ಲ ಎಲ್ಲಿ ಗೊತ್ತು ಅಂತ ನನಗೆ ಸ್ವಲ್ಪ ಜಂಬ.

ಮೇಷ್ಟ್ರು ನಕ್ಕರು. ಇಂಗ್ಲಿಷಿನಲ್ಲೂ ‘ನೈಸ್ ಡಿಸ್ಟಿಂಕ್ಷನ್’ ಅಂದರೆ ಒಳ್ಳೆಯ ವ್ಯತ್ಯಾಸ ಅಲ್ಲವಂತೆ, ಕೂದಲೆಳೆಯಷ್ಟು ಸಣ್ಣ ವ್ಯತ್ಯಾಸ. ಪದದ ಬೇರು ಲ್ಯಾಟಿನ್ನಿನ ‘ನೆಸ್ಕಿಯಸ್’, ಅಂದರೆ ಏನೂ ತಿಳಿಯದವನು. ಸುಮಾರು 700 ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಯಾರನ್ನಾದರೂ ನೈಸ್ ಅಂದರೆ ಪೆದ್ದ ಅಂತ ಬೈದ ಹಾಗೆ! ಆಮೇಲೆ ನಾಚಿಕೆಯವನು, ಅತಿ ನಾಜೂಕಿನವನು, ಸೂಕ್ಷ್ಮ ಅಂತೆಲ್ಲ ಆಗಿ, 18ನೇ ಶತಮಾನದ ಹೊತ್ತಿಗೆ ಹಿತವಾದದ್ದು ಅನ್ನುವ ಅರ್ಥ ಬಂತು. ಪೆದ್ದನನ್ನೇ ಬೀಸಿ ಬೀಸಿ ನೈಸ್ ಮಾಡಿದ್ದಾರೆ ಅನ್ನಿಸಿತು ನನಗೆ.

ಕೆಲಸಕ್ಕೆ ಬಂದ ಪಾಠವೂ ಇದೆ. ಮೊದಲ ಸಲ ಸಿಕ್ಕವರಿಗೆ ‘ನೈಸ್ ಟು ಮೀಟ್ ಯೂ’, ಗುರುತಿನವರು ಮತ್ತೆ ಸಿಕ್ಕರೆ ‘ನೈಸ್ ಟು ಸೀ ಯೂ’. ಅಳಿಯನ ಆಫೀಸಿನ ಗೆಳೆಯ ಮೂರು ಸಲ ಮನೆಗೆ ಬಂದಿದ್ದಾನೆ, ಮೂರು ಸಲವೂ ‘ಮೀಟ್’ ಅಂದಿದ್ದೆ. ಕಾಫಿ ‘ನೈಸ್ ಅಂಡ್ ಹಾಟ್’ ಅಂದರೆ ಎರಡು ಮಾತಲ್ಲ, ಹಿತವಾಗುವಷ್ಟು ಬಿಸಿ ಅಂತ ಒಂದೇ ಮಾತು. ಹಿಟ್ಟು ಚೆಲ್ಲಿದವನಿಗೆ ‘ನೈಸ್ ವರ್ಕ್’ ಅಂದರೆ ಅದು ನಮ್ಮ “ಚೆನ್ನಾಗಿದೆ ಕಣಪ್ಪ ನಿನ್ನ ಕೆಲಸ” ಅಷ್ಟೇ ಅಲ್ವಾ?

ಹೋದ ಶನಿವಾರ ಫೈನಿನ ಡಬ್ಬಿ ತೆಗೆದು ಎಲ್ಲರಿಗೂ ಮದ್ದೂರು ವಡೆ ತರಿಸಿದರು. ಅದರಲ್ಲಿ ನನ್ನದೇ 35 ರೂಪಾಯಿ. ಮಿಲ್ಲಿನಲ್ಲಿ ಆಡಿದ್ದು ಲೆಕ್ಕಕ್ಕಿಲ್ಲ ಅಂತ ಮೊದಲೇ ಒಪ್ಪಿಸಿಕೊಂಡಿದ್ದೆ, ಇಲ್ಲದಿದ್ದರೆ ಫೀಸಿಗಿಂತ ಜಾಸ್ತಿ ಆಗುತ್ತಿತ್ತು.